ಗಡಿಯಾರ ನೋಡಿ ಉಣ್ಣುವ ಊರು

ಮುಂಬೈ ಅಗಲಕ್ಕೆ ಬೆಳೆಯಲಾರದೆ ಉದ್ದಕ್ಕೆ ಬೆಳೆದ ನಗರ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಬಂದರು ಮತ್ತು ಠಾಣೆ ಖಾರಿ ಎಂಬ ಕಡಲ ಚಾಚು, ನಡುವೆ ಕಿರಿದಾದ ನೆಲ. ಆ ನೆಲವೂ ಮೊದಲಿನಿಂದ ಒಂದಾಗಿ ಇದ್ದದ್ದಲ್ಲ. ಕೊಲಾಬಾ, ಚಿಕ್ಕ ಕೊಲಾಬಾ, ಬಾಂಬೆ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್ ಎಂಬ ಏಳು ನಡುಗಡ್ಡೆಗಳ ನಡುವಿನ ಜೌಗನ್ನು ತುಂಬಿಸುತ್ತ ಬಂದು ಇವತ್ತಿನ ದಕ್ಷಿಣ ಮುಂಬೈ ಆಗಿದೆ. ಪೋರ್ಚುಗೀಸರ ಕೈಯಲ್ಲಿದ್ದ ಬಾಂಬೆ 1661ರ ರಾಜಮನೆತನದ ಮದುವೆ ಒಪ್ಪಂದದಲ್ಲಿ ಇಂಗ್ಲೆಂಡಿನ ದೊರೆಗೆ ಬಳುವಳಿಯಾಗಿ ಹೋಯಿತು. ದೊರೆ ಅದನ್ನು 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಕಂಪನಿ ತಳವೂರಿದ ದಕ್ಷಿಣ ತುದಿಯಲ್ಲೇ ಮುಂದೆ ಬಂದರು, ಬ್ಯಾಂಕು, ಕಚೇರಿ, ಕೋರ್ಟುಗಳೆಲ್ಲ ಸೇರಿಕೊಂಡವು. ದುಡಿಯುವವರ ಮನೆಗಳು ಮಾತ್ರ ಉತ್ತರಕ್ಕೆ ಸರಿಯುತ್ತ ಹೋದವು. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ದಕ್ಷಿಣಕ್ಕೆ, ಸಂಜೆ ಮತ್ತೆ ಉತ್ತರಕ್ಕೆ ಹರಿಯುವ ಜನಸಾಗರ ಈ ನಗರದ ದಿನಚರಿಯಾದದ್ದು ಹೀಗೆ.

ಪ್ರವಾಸಕ್ಕೆ ಬರುವವರು ಈ ದಿನಚರಿಯನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಮುಂಬೈಯ ಹೆಸರುವಾಸಿ ತಿನಿಸುಗಳಲ್ಲಿ ಹೆಚ್ಚಿನವು ಅರಮನೆಯಲ್ಲೋ ಮಠದಲ್ಲೋ ಹುಟ್ಟಿದವಲ್ಲ. ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕ, ರೈಲು ತಪ್ಪುವ ಮುನ್ನ ಏನಾದರೂ ಬಾಯಿಗೆ ಹಾಕಿಕೊಳ್ಳಬೇಕಾದ ಗುಮಾಸ್ತ, ಊರಿನಲ್ಲಿ ಸಂಸಾರ ಬಿಟ್ಟು ಬಂದು ಒಲೆಯಿಲ್ಲದ ಖೋಲಿಯಲ್ಲಿ ನಾಲ್ಕು ಜನರ ಜೊತೆ ಮಲಗುವ ಒಂಟಿ ಗಂಡಸು, ಇವರ ಹಸಿವಿಗೆ ಒದಗಿದ ತಿನಿಸುಗಳು ಅವು. ಹಾಗಾಗಿ ಒಂದೊಂದಕ್ಕೂ ಅದರದೇ ಹೊತ್ತು ಇದೆ. ಇಡ್ಲಿ ಬೆಳಗಿನ ಏಳಕ್ಕೆ, ಮೀನಿನ ಊಟ ಮಧ್ಯಾಹ್ನ ಒಂದಕ್ಕೆ, ಇರಾನಿ ಚಹಾ ನಾಲ್ಕಕ್ಕೆ, ವಡಾಪಾವ್ ಕಚೇರಿ ಬಿಡುವ ಹೊತ್ತಿಗೆ, ಕಬಾಬ್ ರಾತ್ರಿ ಹತ್ತರ ಮೇಲೆ. ನೋಡುವ ಜಾಗಗಳ ಪಟ್ಟಿ ಹಿಡಿದು ಓಡುವುದಕ್ಕಿಂತ ಈ ಹೊತ್ತುಗಳನ್ನು ಹಿಡಿದು ನಡೆಯುವುದು ಲೇಸು. ದಾರಿಯಲ್ಲಿ ನೋಡಬೇಕಾದದ್ದು ತಾನಾಗಿ ಸಿಗುತ್ತದೆ.

ದಿನ ಶುರುವಾಗುವುದು ಕೊಲಾಬಾದ ಸಸೂನ್ ಡಾಕ್‌ನಲ್ಲಿ. 1875ರಲ್ಲಿ ಕಟ್ಟಿದ ಈ ಧಕ್ಕೆಗೆ ಬೆಳಕು ಹರಿಯುವ ಮುನ್ನವೇ ದೋಣಿಗಳು ಬಂದು ನಿಲ್ಲುತ್ತವೆ. ಬುಟ್ಟಿಗಳು ಕೈಯಿಂದ ಕೈಗೆ ಹಾರಿ ದಡಕ್ಕೆ ಬೀಳುತ್ತವೆ. ಕಚ್ಚೆ ಸೀರೆಯ ಕೋಳಿ ಹೆಂಗಸರು ಹರಾಜು ಕೂಗುತ್ತಾರೆ. ಕೋಳಿಗಳು ಈ ನಡುಗಡ್ಡೆಗಳ ಮೂಲ ನಿವಾಸಿಗಳಾದ ಮೀನುಗಾರರು. ನಗರಕ್ಕೆ ಹೆಸರು ಕೊಟ್ಟ ಮುಂಬಾದೇವಿ ಅವರ ದೇವತೆ. ಕರಾವಳಿ ಕನ್ನಡಿಗರಿಗೆ ಇಲ್ಲಿನ ಮೀನುಗಳಲ್ಲಿ ಹೆಚ್ಚಿನವು ನೆಂಟರೇ: ಬಾಂಗ್ಡಾ ಎಂದರೆ ಬಂಗುಡೆ, ಸುರಮಯಿ ಎಂದರೆ ಅಂಜಲ್, ಪಾಪ್ಲೆಟ್ ಎಂದರೆ ಮಾಂಜಿ. ಆದರೆ ಮುಂಬೈ ತನ್ನದೆಂದು ಎದೆ ತಟ್ಟಿಕೊಳ್ಳುವ ಮೀನು ಬೊಂಬಿಲ್. ಮೈಯೆಲ್ಲ ನೀರು, ಮುಟ್ಟಿದರೆ ಜಾರುವಷ್ಟು ಮೆದು. ಅದನ್ನು ಸೀಳಿ, ನಡುಮುಳ್ಳು ತೆಗೆದು, ಮೇಲೆ ಭಾರ ಹೇರಿ ನೀರು ಹಿಂಡಿ, ಅರಿಸಿನ-ಮೆಣಸಿನ ಪುಡಿ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕುತ್ತಾರೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ನೀರು ಸರಿಯಾಗಿ ಹಿಂಡದ ಬೊಂಬಿಲ್ ಕಾವಲಿಯಲ್ಲೇ ಮುದ್ದೆಯಾಗುತ್ತದೆ. ಹೋಟೆಲಿನ ಯೋಗ್ಯತೆ ಅಳೆಯಲು ಇದಕ್ಕಿಂತ ಸುಲಭದ ಪರೀಕ್ಷೆ ಬೇರೆಯಿಲ್ಲ. ವರ್ಸೋವಾ, ಖಾರ್ ದಾಂಡಾ ಕಡೆಯ ಕೋಳಿವಾಡೆಗಳಲ್ಲಿ ಇದೇ ಮೀನನ್ನು ಬಿದಿರ ಅಡ್ಡಗಳುಗಳ ಮೇಲೆ ಜೋಡಿ ಜೋಡಿಯಾಗಿ ನೇತುಹಾಕಿ ಒಣಗಿಸುವುದನ್ನು ಕಾಣಬಹುದು. ಡಾಕ್‌ನಲ್ಲಿ ಕ್ಯಾಮೆರಾ ಎತ್ತುವ ಮುನ್ನ ಕೇಳಿಕೊಳ್ಳುವುದು ಒಳ್ಳೆಯದು, ಕಾಲಿಗೆ ತೊಳೆಯಬಹುದಾದ ಚಪ್ಪಲಿ ಹಾಕಿಕೊಳ್ಳುವುದು ಇನ್ನೂ ಒಳ್ಳೆಯದು.

ಬೆಳಗಿನ ತಿಂಡಿಗೆ ಮಾಟುಂಗಾ. 1896ರ ಪ್ಲೇಗಿನ ನಂತರ ಕಿಕ್ಕಿರಿದ ಹಳೆಯ ಪೇಟೆಯಿಂದ ಜನರನ್ನು ಹೊರಗೆ ಹರಡಲು ಇಂಪ್ರೂವ್‌ಮೆಂಟ್ ಟ್ರಸ್ಟ್ ಯೋಜಿಸಿದ ಬಡಾವಣೆಗಳಲ್ಲಿ ದಾದರ್-ಮಾಟುಂಗಾವೂ ಒಂದು. ಅಗಲವಾದ ರಸ್ತೆ, ಮರಗಳ ಸಾಲು, ಐದು ಉದ್ಯಾನಗಳ ವೃತ್ತ. ಟೈಪಿಂಗ್, ಲೆಕ್ಕ ಬರೆಯುವ ಕೆಲಸ ಹಿಡಿದು ಬಂದ ದಕ್ಷಿಣದವರು ಇಲ್ಲಿ ನೆಲೆನಿಂತರು. ಅವರ ಬೆನ್ನಿಗೇ ದಕ್ಷಿಣ ಕನ್ನಡ, ಉಡುಪಿ ಸೀಮೆಯಿಂದ ಅಡುಗೆಯವರು ಬಂದರು. 1939ರ ರಾಮ ಆಶ್ರಯ, 1940ರ ಕೆಫೆ ಮದ್ರಾಸ್, ಎ. ರಾಮ ನಾಯಕರು 1942ರಲ್ಲಿ ಮಾಟುಂಗಾ ಸ್ಟೇಷನ್ ಪಕ್ಕದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಇವೆಲ್ಲ ಇನ್ನೂ ನಡೆಯುತ್ತಿವೆ. ಒಂಟಿ ಗುಮಾಸ್ತರಿಗೆ ಎರಡು ಹೊತ್ತು ಮನೆಯ ಊಟ ಹಾಕುವುದು ಬೋರ್ಡಿಂಗುಗಳ ಮೊದಲ ಉದ್ದೇಶ. ಈಗ ಗುಮಾಸ್ತರ ಮೊಮ್ಮಕ್ಕಳು ಕಾರಿನಲ್ಲಿ ಬಂದು ಬಾಳೆಲೆ ಮುಂದೆ ಕೂರುತ್ತಾರೆ.

ಭಾನುವಾರ ಬೆಳಿಗ್ಗೆ ಕೆಫೆ ಮದ್ರಾಸ್ ಮುಂದೆ ಹೆಸರು ಬರೆಸಿ ಕಾಯುವವರ ಗುಂಪು ಫುಟ್‌ಪಾತ್ ತುಂಬಿರುತ್ತದೆ. ಗುಜರಾತಿಗಳು, ಮರಾಠಿಗರು, ಪಾರ್ಸಿಗಳು, ನಡುವೆ ಅಲ್ಲೊಬ್ಬ ಇಲ್ಲೊಬ್ಬ ಕನ್ನಡಿಗ. ಒಳಗೆ ಕುರ್ಚಿ ಸಿಕ್ಕಮೇಲೆ ತಡಮಾಡುವ ಹಾಗಿಲ್ಲ. ಆರ್ಡರ್ ಹೇಳುವ ಮುನ್ನವೇ ನೀರು ಬಂದಿರುತ್ತದೆ, ಕಾಪಿ ಮುಗಿಯುವ ಮುನ್ನವೇ ಬಿಲ್ಲು. ಪುಡಿ ಇಡ್ಲಿ, ರಸಂ ವಡೆ, ರಾಗಿ ದೋಸೆ, ರಾಮ ಆಶ್ರಯದ ಅನಾನಸ್ ಶೀರಾ, ಇವುಗಳಿಗಾಗಿ ಜನ ಬೊರಿವಲಿಯಿಂದಲೂ ಬರುತ್ತಾರೆ. ಮುಂಬೈಯಲ್ಲಿ 'ಮೈಸೂರ್' ಎಂದು ಕರೆಯುವ ದೋಸೆಯ ಬಗ್ಗೆ ಮಾತ್ರ ಮೈಸೂರಿನವರನ್ನು ಎಚ್ಚರಿಸಬೇಕು. ಬೀದಿ ಗಾಡಿಗಳಲ್ಲಿ ಕೆಂಪು ಚಟ್ನಿ, ಬೆಣ್ಣೆ, ತರಕಾರಿ ಎಲ್ಲವನ್ನೂ ಕಾವಲಿಯ ಮೇಲೆಯೇ ಅರೆದು ಹರಡುವ ಆ ವಸ್ತು ಪಾವ್‌ಭಾಜಿಯ ದಾಯಾದಿ. ರುಚಿಯೇನೋ ಇದೆ, ಊರಿನ ಹೆಸರು ಹೇಗೆ ಅಂಟಿಕೊಂಡಿತೆಂದು ಕೇಳಹೋಗಬಾರದು ಅಷ್ಟೆ. ತಿಂಡಿ ಮುಗಿಸಿ ಸ್ಟೇಷನ್ ಕಡೆ ನಡೆದರೆ ಮಲ್ಲಿಗೆ ಮಾಲೆ, ಬಾಳೆಲೆ ಕಟ್ಟು, ಕೇದಗೆ, ಮಂಗಳೂರು ಸೌತೆ ಮಾರುವ ಸಾಲು ಅಂಗಡಿಗಳು. ಮುಂಬೈಯಲ್ಲಿ ಬೇರೆಲ್ಲೂ ಇಷ್ಟು ಸಲೀಸಾಗಿ ಕನ್ನಡ, ತುಳು, ಕೊಂಕಣಿ ಕಿವಿಗೆ ಬೀಳುವುದಿಲ್ಲ.

ಉಡುಪಿ ಹೋಟೆಲು ಮಾಟುಂಗಾಕ್ಕೆ ನಿಲ್ಲಲಿಲ್ಲ. ನಗರದ ಎಲ್ಲ ಸ್ಟೇಷನ್ನುಗಳ ಎದುರಿಗೂ ಒಂದೊಂದು ಬಂತು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ ಓದಿದರು. ಅವರಲ್ಲಿ ಹಲವರು ಮುಂದೆ ಹೋಟೆಲ್ ಮಾಲೀಕರಾದರು, ಕೆಲವರು ವಕೀಲರು, ಲೆಕ್ಕಪರಿಶೋಧಕರು ಆದರು. ಗಿರಾಕಿ ಕೇಳಿದ್ದನ್ನು ಕೊಡುವುದು ಇವರ ವ್ಯಾಪಾರದ ಸೂತ್ರ. ಆದ್ದರಿಂದಲೇ ಮುಂಬೈಯ ಉಡುಪಿ ಮೆನುವಿನಲ್ಲಿ ಇಡ್ಲಿಯ ಕೆಳಗೆ ಪಾವ್‌ಭಾಜಿ, ಅದರ ಕೆಳಗೆ ನೂಡಲ್ಸ್, ಅದರ ಕೆಳಗೆ ಸೀತಾಫಲದ ಮಿಲ್ಕ್‌ಶೇಕ್. ಶುದ್ಧತೆಯ ಹಟ ಹಿಡಿದವರಿಗೆ ಇದು ಹಿಡಿಸದು. ಆದರೆ ಬಾಡಿಗೆ ಹೊಡೆತದ ಈ ಊರಿನಲ್ಲಿ ಇಷ್ಟು ವರ್ಷ ಬಾಗಿಲು ತೆರೆದಿಟ್ಟುಕೊಂಡದ್ದರ ಹಿಂದೆ ಆ ಬಗ್ಗುವ ಗುಣವೇ ಇದೆ.

ನೋಡುವುದಕ್ಕೆ ಮೊದಲ ಜಾಗ ಕೋಟೆ ಪ್ರದೇಶ, ಅಂದರೆ ಫೋರ್ಟ್. ಕೋಟೆಯ ಗೋಡೆಗಳು 1860ರ ದಶಕದಲ್ಲೇ ಉರುಳಿದವು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ ಬಂದ ಹಣ ಕೈಯಲ್ಲಿತ್ತು. ಬಯಲಾದ ಜಾಗದಲ್ಲಿ ಗೋಥಿಕ್ ಶೈಲಿಯ ದೊಡ್ಡ ದೊಡ್ಡ ಕಟ್ಟಡಗಳು ಎದ್ದವು. ಇದನ್ನು ನೋಡಲು ಭಾನುವಾರವೇ ಸರಿ. ವಾರದ ದಿನ ತಲೆಯೆತ್ತಿ ಗೋಪುರ ನೋಡುತ್ತ ನಿಂತವರನ್ನು ಹಿಂದಿನಿಂದ ಬರುವ ಜನ ತಳ್ಳಿಕೊಂಡೇ ಹೋಗುತ್ತಾರೆ. ಭಾನುವಾರ ಅದೇ ರಸ್ತೆ ಖಾಲಿ. ಆದರೆ ಕಚೇರಿ ಮುಚ್ಚಿದರೆ ಕಚೇರಿಯವರನ್ನು ನಂಬಿದ ಹಲವು ಊಟದ ಮನೆಗಳೂ ಮುಚ್ಚುತ್ತವೆ. ಫೋರ್ಟಿನಲ್ಲಿ ಶನಿವಾರ ತಿನ್ನಬೇಕು, ಭಾನುವಾರ ನೋಡಬೇಕು.

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ನಡಿಗೆ ಶುರುಮಾಡುವುದು ವಾಡಿಕೆ. ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸದ ಈ ರೈಲು ನಿಲ್ದಾಣದ ಕೆಲಸ 1878ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆಯಿತು. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕಲ್ಲಿನಲ್ಲಿ ಕೊರೆದ ನವಿಲು, ಕೋತಿ, ಎಲೆಬಳ್ಳಿಗಳನ್ನು ನೋಡಲು ಕೆಳಗಿನ ಕಂಬಗಳ ತಲೆಗಟ್ಟಿನ ಹತ್ತಿರ ಹೋಗಬೇಕು. ನಿಲ್ದಾಣದ ಪಕ್ಕದಲ್ಲೇ ಇರುವ ಜನರಲ್ ಪೋಸ್ಟ್ ಆಫೀಸಿನ ಮುಂದೆ ಕನ್ನಡಿಗರು ಒಂದು ಗಳಿಗೆ ಹೆಚ್ಚು ನಿಲ್ಲಬಹುದು. 1913ರಲ್ಲಿ ಮುಗಿದ ಈ ಕಟ್ಟಡದ ಗುಮ್ಮಟಕ್ಕೆ ವಿಜಯಪುರದ ಗೋಲಗುಮ್ಮಟವೇ ಮಾದರಿ. ಪತ್ರ, ಪಾರ್ಸೆಲ್ಲುಗಳ ಗದ್ದಲದ ನಡುವೆ ಕತ್ತೆತ್ತಿದರೆ ಆದಿಲಶಾಹಿಯ ಆ ವಿಶಾಲ ಬೋಳು ಗುಮ್ಮಟ ಮೇಲೆ ಹರಡಿರುತ್ತದೆ. ಈ ಅಂಚೆ ಕಟ್ಟಡದ ಕೆಲಸಕ್ಕೂ ಕೈಹಾಕಿದ್ದ ಜಾರ್ಜ್ ವಿಟೆಟ್‌ನೇ ವಿನ್ಯಾಸ ಮಾಡಿದ, 1922ರಲ್ಲಿ ಸಾರ್ವಜನಿಕರಿಗೆ ತೆರೆದ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಗುಮ್ಮಟವೂ ವಿಜಯಪುರದ ಕಡೆಗೇ ಬೆರಳು ತೋರುತ್ತದೆ.

ಅದೇ ವಿಟೆಟ್‌ನ ಇನ್ನೊಂದು ಕೆಲಸ ಗೇಟ್‌ವೇ ಆಫ್ ಇಂಡಿಯಾ. ಐದನೇ ಜಾರ್ಜ್ 1911ರಲ್ಲಿ ಬಂದಿಳಿದ ನೆನಪಿಗೆಂದು ಯೋಚಿಸಿದ ಕಮಾನು ಮುಗಿದು ತೆರೆದುಕೊಂಡದ್ದು 1924ರಲ್ಲಿ. ಬಂದ ದೊರೆ ನೋಡಿದ್ದು ತಾತ್ಕಾಲಿಕ ಕಟ್ಟೋಣವನ್ನು ಮಾತ್ರ. 1948ರ ಫೆಬ್ರುವರಿ 28ರಂದು ಕೊನೆಯ ಬ್ರಿಟಿಷ್ ಪಡೆ ಇದೇ ಕಮಾನಿನ ಅಡಿಯಿಂದ ಹೊರಟುಹೋಯಿತು. ಹಿಂದಿನ ತಾಜ್ ಹೋಟೆಲ್ ಕಮಾನಿಗಿಂತ ಹಳೆಯದು, 1903ರದ್ದು. ಗೇಟ್‌ವೇಗಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಓವಲ್ ಮೈದಾನಕ್ಕೆ. ಮೈದಾನದ ಪೂರ್ವಕ್ಕೆ ಹೈಕೋರ್ಟ್, ವಿಶ್ವವಿದ್ಯಾಲಯ, 1878ರಲ್ಲಿ ಮುಗಿದ 280 ಅಡಿ ಎತ್ತರದ ರಾಜಾಬಾಯಿ ಗಡಿಯಾರ ಗೋಪುರ. ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್ ಕೊಟ್ಟ ಹಣದಿಂದ ಎದ್ದು, ಅವರ ತಾಯಿಯ ಹೆಸರು ಹೊತ್ತಿದೆ. ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೊ ಮನೆಗಳು: ದುಂಡು ಮೂಲೆ, ಹಡಗಿನ ಕಟಕಟೆಯಂಥ ಬಾಲ್ಕನಿ, ತಿಳಿ ಬಣ್ಣ. ಎರಡು ಕಾಲ, ಎರಡು ಅಭಿರುಚಿ ಒಂದು ಹುಲ್ಲುಗಾವಲಿನ ಆಚೆ-ಈಚೆ ಎದುರುಬದುರಾಗಿರುವ ಈ ಸಮೂಹ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಡುವಿನ ಹುಲ್ಲಿನ ಮೇಲೆ ಭಾನುವಾರ ಒಂದೇ ಹೊತ್ತಿಗೆ ಹತ್ತಾರು ಕ್ರಿಕೆಟ್ ಪಂದ್ಯಗಳು ನಡೆಯುತ್ತವೆ. ಒಂದು ಪಂದ್ಯದ ಫೀಲ್ಡರ್ ಇನ್ನೊಂದರ ವಿಕೆಟ್ ಕೀಪರನ ಪಕ್ಕದಲ್ಲಿ ನಿಂತಿರುತ್ತಾನೆ. ಯಾರ ಚೆಂಡು ಯಾರದೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ.

ಮಧ್ಯಾಹ್ನದ ಮೀನಿನ ಊಟದಲ್ಲಿ ಮುಂಬೈಗೆ ಎರಡು ದಾರಿ. ಒಂದು ಮಾಲ್ವಣಿ: ಕೊಂಕಣದ ಸಿಂಧುದುರ್ಗ ಕಡೆಯವರ ಖಾರದ ಸಾರು, ವಡೆ, ಕೊನೆಗೆ ಪುನರ್ಪುಳಿ ಮತ್ತು ತೆಂಗಿನ ಹಾಲಿನ ನಸುಗೆಂಪು ಸೋಲ್‌ಕಡಿ. ದಾದರ್, ಗಿರ್‌ಗಾಂವ್‌ಗಳ ಸಣ್ಣ ಖಾನಾವಳಿಗಳಲ್ಲಿ ಇದು ಸಿಗುತ್ತದೆ. ಇನ್ನೊಂದು ಮಂಗಳೂರಿನದು. ಫೋರ್ಟಿನ ಮಹೇಶ್ ಲಂಚ್ ಹೋಮ್‌ನಂಥ ಜಾಗಗಳು ಸುತ್ತಲ ಬ್ಯಾಂಕು ನೌಕರರಿಗೆ ಊಟ ಹಾಕುತ್ತ ಬೆಳೆದು, ಗಸಿ ಮತ್ತು ನೀರುದೋಸೆಯನ್ನು ಇಡೀ ನಗರದ ಬಾಯಿಗೆ ಹತ್ತಿಸಿದವು. ಕಾಲಾ ಘೋಡಾದ ತೃಷ್ಣಾದಲ್ಲಿ ಬೆಣ್ಣೆ, ಬೆಳ್ಳುಳ್ಳಿ, ಕಾಳುಮೆಣಸಿನ ಏಡಿ ಹೆಸರು ಮಾಡಿತು. ಈಗ ಸಮುದ್ರದ ಊಟದ ಹೋಟೆಲು ಎಂದಮೇಲೆ ಅದು ಇರಲೇಬೇಕು ಎಂಬಂತಾಗಿದೆ. ಏಡಿಯ ರುಚಿ ಬೆಣ್ಣೆಯಲ್ಲಿ ಮುಳುಗುತ್ತದೆ ಎನ್ನುವ ಕುಂದಾಪುರದವರ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ.

ಊಟದ ಮಂಪರು ಇಳಿಯುವ ಹೊತ್ತಿಗೆ ಇರಾನಿ ಹೋಟೆಲು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇರಾನಿನಿಂದ ಬಂದ ಜರತುಷ್ಟ್ರ ಮತದವರು ರಸ್ತೆ ಕೂಡುವ ಮೂಲೆಗಳಲ್ಲಿ ಇವನ್ನು ತೆರೆದರು. ಎತ್ತರದ ಚಾವಣಿ, ಕರಿಮರದ ಬಾಗು ಕುರ್ಚಿ, ಅಮೃತಶಿಲೆಯ ಮೇಜು, ಗೋಡೆಗೆ ನಿಲುವುಗನ್ನಡಿ, ಗಲ್ಲಾದ ಪಕ್ಕ ಗಾಜಿನ ಬರಣಿಗಳಲ್ಲಿ ಬಿಸ್ಕತ್ತು. ಧೋಬಿ ತಲಾವ್‌ನ ಕಯಾನಿ 1904ರಿಂದ ಇದೆ. ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರದ್ದು, ಇರಾನಿನ ಹುಳಿಹಣ್ಣು ಉದುರಿಸಿದ ಬೆರಿ ಪುಲಾವಿಗೆ ಹೆಸರಾದದ್ದು. ಬೆಣ್ಣೆ ಸವರಿದ ಬನ್, ಅಂದರೆ ಬನ್ ಮಸ್ಕಾ, ತಿನ್ನುವುದಕ್ಕೆ ಒಂದು ಕ್ರಮವಿದೆ: ಬನ್ನನ್ನು ಚಹಾದಲ್ಲಿ ಅದ್ದಬೇಕು, ಕರಗಿದ ಬೆಣ್ಣೆ ಮೇಲೆ ತೇಲಿದಾಗ ಮುಖ ಸಿಂಡರಿಸದೆ ಅದನ್ನೂ ಕುಡಿಯಬೇಕು. ಗಟ್ಟಿ ಹೊರಮೈಯ ಬ್ರುನ್ ಪಾವ್ ಅದ್ದದೆ ತಿಂದರೆ ಒಸಡು ಕುಯ್ಯುತ್ತದೆ. ನಗರದಲ್ಲಿ ಒಮ್ಮೆ ನೂರಾರಿದ್ದ ಇಂಥ ಹೋಟೆಲುಗಳು ಈಗ ಬೆರಳೆಣಿಕೆಗೆ ಇಳಿದಿವೆ. ಹೊಸ ಪೀಳಿಗೆ ಬೇರೆ ಕಸುಬು ಹಿಡಿಯಿತು, ಮೂಲೆ ಜಾಗದ ಬೆಲೆ ಗಗನಕ್ಕೇರಿತು. ಒಂದು ಕಪ್ ಚಹಾ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಪತ್ರಿಕೆ ಓದುವ ಗಿರಾಕಿಯನ್ನು ಸಾಕುವ ವ್ಯಾಪಾರ ಗಿಟ್ಟದೇ ಹೋಯಿತು.

ಸಂಜೆಗೆ ಸಮುದ್ರ. ನಾರಿಮನ್ ಪಾಯಿಂಟಿನಿಂದ ಗಿರ್‌ಗಾಂವ್ ಚೌಪಾಟಿ ದಾಟುವವರೆಗೆ ಬಾಗಿದ ಮರೀನ್ ಡ್ರೈವ್‌ನ ಉದ್ದ ಸುಮಾರು 3.6 ಕಿಲೊಮೀಟರ್. ದಂಡೆಯ ಕಟ್ಟೆಯ ಮೇಲೆ ಕೂತವರಿಗೆ ಯಾರೂ ಏಳಿ ಎನ್ನುವುದಿಲ್ಲ, ಟಿಕೆಟ್ ಕೇಳುವುದಿಲ್ಲ. ಹತ್ತಡಿಯ ಖೋಲಿಯಲ್ಲಿ ಬದುಕುವ ನಗರಕ್ಕೆ ಇದು ದೊಡ್ಡ ಮಾತು. ಚೌಪಾಟಿಯಲ್ಲಿ ಭೇಲ್‌ಪುರಿ. ಮಂಡಕ್ಕಿ, ಸೇವ್, ಈರುಳ್ಳಿ, ಬೆಂದ ಬಟಾಟೆ, ಹುಳಿ-ಸಿಹಿ ಚಟ್ನಿ, ಹಸಿ ಮಾವು ಇರುವ ಕಾಲದಲ್ಲಿ ಅದರ ಚೂರು. ಕಲೆಸಿದ ಎರಡು ನಿಮಿಷದಲ್ಲಿ ಮಂಡಕ್ಕಿ ಮೆತ್ತಗಾಗುವುದರಿಂದ ಫೋಟೊ ತೆಗೆಯುವವರು ಸೋಲುತ್ತಾರೆ.

ವಡಾಪಾವ್‌ಗೆ ದಾದರ್‌ಗೆ ಹೋಗಬೇಕಿಲ್ಲ, ಯಾವ ಸ್ಟೇಷನ್ ಹೊರಗಾದರೂ ಸಿಗುತ್ತದೆ. ಆದರೆ ಅದರ ಹುಟ್ಟೂರು ದಾದರ್. 1966ರ ಸುಮಾರಿಗೆ ಅಲ್ಲಿನ ಸ್ಟೇಷನ್ ಹೊರಗೆ ಅಶೋಕ್ ವೈದ್ಯ ಎಂಬವರು ಬಟಾಟೆ ವಡೆಯನ್ನು ಪಾವಿನೊಳಗೆ ಇಟ್ಟು ಮಾರತೊಡಗಿದರು ಎಂಬುದು ಹೆಚ್ಚಿನವರು ಒಪ್ಪಿಕೊಂಡ ಕತೆ. ನಿಂತಲ್ಲೇ ಒಂದು ಕೈಯಲ್ಲಿ ತಿನ್ನಬಹುದು, ಇನ್ನೊಂದು ಕೈ ರೈಲಿನ ಕಂಬಿಗೆ. ಒಳಗೆ ಸವರುವ ಒಣ ಬೆಳ್ಳುಳ್ಳಿ-ಕೊಬ್ಬರಿ ಚಟ್ನಿಯೇ ಇದರ ಜೀವ. ಪಕ್ಕದಲ್ಲಿ ಉಪ್ಪು ಹಚ್ಚಿ ಕರಿದ ಹಸಿಮೆಣಸು. 1982ರಲ್ಲಿ ಶುರುವಾದ ಬಟ್ಟೆ ಗಿರಣಿಗಳ ದೊಡ್ಡ ಮುಷ್ಕರ ಮುಗಿದದ್ದೇ ಇಲ್ಲ ಎನ್ನಬಹುದು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕೆಲಸ ಹೋದವರಲ್ಲಿ ಎಷ್ಟೋ ಜನ ವಡಾಪಾವ್ ಗಾಡಿ ಹಾಕಿದರು. ಗಿರಣಿ ಪಾಳಿಯ ನಡುವೆ ಬೇಗ ತಿಂದು ಮುಗಿಸಲೆಂದು ಉಳಿದ ತರಕಾರಿಗಳನ್ನೆಲ್ಲ ಅರೆದು ಪಾವಿನ ಜೊತೆ ಕೊಟ್ಟ ಪಾವ್‌ಭಾಜಿ ಈಗ ತಾಡ್‌ದೇವ್‌ನ ಸರ್ದಾರ್ ಮುಂದೆ ಸಾಲು ನಿಲ್ಲಿಸುವ ತಿನಿಸಾಗಿದೆ. ಅಲ್ಲಿ ಒಂದು ತಟ್ಟೆಯ ಮೇಲೆ ಬೀಳುವ ಬೆಣ್ಣೆಯ ಗಾತ್ರ ನೋಡಿದರೆ ಬಡವರ ಊಟ ಎಂಬ ಮಾತು ನಂಬಲಾಗುವುದಿಲ್ಲ.

ರಾತ್ರಿ ಹತ್ತರ ನಂತರ ಎಚ್ಚರಗೊಳ್ಳುವ ಅಡುಗೆಮನೆಗಳು ಬೇರೆ. ತಾಜ್ ಹಿಂದಿನ ಗಲ್ಲಿಯಲ್ಲಿ 1946ರಿಂದ ಕೆಂಡದ ಮೇಲೆ ಕಬಾಬ್ ಸುಡುತ್ತಿರುವ ಬಡೇಮಿಯಾ ಇದೆ. ರಮ್ಜಾನ್ ತಿಂಗಳಲ್ಲಿ ಮೊಹಮ್ಮದ್ ಅಲಿ ರಸ್ತೆಯ ಮಿನಾರಾ ಮಸೀದಿಯ ಸುತ್ತ ಬೆಳಗಿನ ಜಾವದವರೆಗೂ ದೀಪ ಆರುವುದಿಲ್ಲ: ಅಗಲ ಬಾಣಲೆಯಲ್ಲಿ ಮೊಟ್ಟೆ ಹಾಕಿದ ಮಾಲ್‌ಪುವಾ, ಮಣ್ಣಿನ ತಟ್ಟೆಯಲ್ಲಿ ಫಿರ್ನಿ, ಮೂಳೆಯ ನಲ್ಲಿ ನಿಹಾರಿ. ಅಲ್ಲಿಗೆ ಹೊಟ್ಟೆ ತುಂಬಿಸಿಕೊಂಡು ಹೋಗಬಾರದು, ಶನಿವಾರ ರಾತ್ರಿಯಂತೂ ಮಕ್ಕಳನ್ನು ಕರೆದೊಯ್ಯಬಾರದು; ಕಾಲಿಡಲು ಜಾಗವಿರುವುದಿಲ್ಲ.

ಇನ್ನೊಂದು ದಿನದ ಹಗಲನ್ನು ಗುಹೆಗಳಿಗೆ ಕೊಡಬಹುದು. ಗೇಟ್‌ವೇಯಿಂದ ದೋಣಿ ಹತ್ತಿದರೆ ಸುಮಾರು ಒಂದು ಗಂಟೆಗೆ ಎಲಿಫೆಂಟಾ, ಸ್ಥಳೀಯರ ಘಾರಾಪುರಿ. ದಡದಿಂದ ಅಂಗಡಿ ಸಾಲಿನ ನಡುವೆ ನೂರಕ್ಕೂ ಹೆಚ್ಚು ಮೆಟ್ಟಿಲು ಏರಿದಮೇಲೆ, ಆರನೇ ಶತಮಾನದಲ್ಲಿ ಬಂಡೆ ಕೊರೆದು ಮಾಡಿದ ಶಿವಾಲಯ. ಹಿಂಬದಿಯ ಗೋಡೆಯ ಸದಾಶಿವ ಮೂರಾಳಿನ ಎತ್ತರ. ಎದುರಿನ ಕತ್ತಲಿಗೆ ಕಣ್ಣು ಒಗ್ಗಲು ಸ್ವಲ್ಪ ಹೊತ್ತು ಬೇಕು, ಆಮೇಲೆ ಎಡಬಲದ ಮುಖಗಳು ಒಂದೊಂದಾಗಿ ಹೊರಬರುತ್ತವೆ. ಪೋರ್ಚುಗೀಸರು ದ್ವೀಪಕ್ಕೆ ಹೆಸರಿಡಲು ಕಾರಣವಾದ ಕಲ್ಲಾನೆ ಈಗ ಬೈಕುಲಾದ ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕದಲ್ಲಿದೆ. ಇಮ್ಮಡಿ ಪುಲಕೇಶಿ ಹಡಗುಗಳ ಪಡೆಯೊಡನೆ ಪಡುಗಡಲಿನ ಪುರಿಯನ್ನು ಮುತ್ತಿದನೆಂದು ರವಿಕೀರ್ತಿಯ ಐಹೊಳೆ ಶಾಸನ ಹೇಳುತ್ತದೆ; ಆ ಪುರಿ ಈ ಘಾರಾಪುರಿಯೇ ಎಂಬುದು ಕೆಲವು ಇತಿಹಾಸಕಾರರ ಮತ, ಜಂಜೀರಾ ಬಳಿಯ ರಾಜಪುರಿ ಎನ್ನುವವರೂ ಇದ್ದಾರೆ.

ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಗೆ ಇಷ್ಟು ಜನ ಹೋಗುವುದಿಲ್ಲ, ಹೋಗಬೇಕು. ನಗರದ ಎದೆಯಲ್ಲೇ 100 ಚದರ ಕಿಲೊಮೀಟರಿಗೂ ಮಿಕ್ಕ ಕಾಡು, ಅದರ ನಡುವಿನ ಕಪ್ಪು ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಭಿಕ್ಷುಗಳು ಮಳೆನೀರನ್ನು ಕಲ್ಲಿನ ಕಾಲುವೆಗಳಲ್ಲಿ ಹರಿಸಿ ಗುಹೆ ಗುಹೆಗೂ ತೊಟ್ಟಿ ತುಂಬಿಸಿಕೊಂಡ ವ್ಯವಸ್ಥೆ ಇನ್ನೂ ಕಣ್ಣಿಗೆ ಕಾಣುತ್ತದೆ. ಇಲ್ಲಿನ ಒಂಬತ್ತನೇ ಶತಮಾನದ ದಾನ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಕವಿರಾಜಮಾರ್ಗದ ನೃಪತುಂಗನೆಂದು ಕನ್ನಡಿಗರು ಬಲ್ಲ ದೊರೆಯ ಆಳ್ವಿಕೆ ಕೊಂಕಣದ ಶಿಲಾಹಾರ ಸಾಮಂತರ ಮೂಲಕ ಇಲ್ಲಿಯವರೆಗೆ ಹಬ್ಬಿತ್ತು. ಎಲಿಫೆಂಟಾ ಮತ್ತು ಉದ್ಯಾನ ಎರಡೂ ಸೋಮವಾರ ಮುಚ್ಚಿರುತ್ತವೆ. ವಾರಾಂತ್ಯಕ್ಕೆ ಒಂದು ದಿನ ರಜೆ ಜೋಡಿಸುವವರು ಅದನ್ನು ಶುಕ್ರವಾರಕ್ಕೆ ಜೋಡಿಸುವುದು ಜಾಣತನ.

ಉತ್ಸವಗಳಲ್ಲಿ ಹೊರಗಿನವರಿಗೆ ಹೆಚ್ಚು ಸಲೀಸಾದದ್ದು 1999ರಿಂದ ನಡೆಯುತ್ತಿರುವ ಕಾಲಾ ಘೋಡಾ ಕಲಾ ಉತ್ಸವ. ಜನವರಿ ಕೊನೆಯಿಂದ ಫೆಬ್ರುವರಿ ಮೊದಲ ಭಾಗದ ಒಳಗೆ ಒಂಬತ್ತು ದಿನ. ಜಹಾಂಗೀರ್ ಆರ್ಟ್ ಗ್ಯಾಲರಿಯ ಸುತ್ತಲ ಬೀದಿಯೇ ರಂಗವಾಗುತ್ತದೆ, ಪ್ರವೇಶ ಉಚಿತ. ಎರಡು ವಾರಾಂತ್ಯಗಳಲ್ಲಿ ವಿಪರೀತ ನೂಕುನುಗ್ಗಲು. ವರ್ಷವಿಡೀ ನಾಟಕ ಬೇಕೆಂದವರಿಗೆ ಜುಹುವಿನ ಪೃಥ್ವಿ ಥಿಯೇಟರ್ ಇದೆ. 1978ರಲ್ಲಿ ತೆರೆದ ಈ ಪುಟ್ಟ ರಂಗಮಂದಿರದಲ್ಲಿ ನಟನ ಬೆವರು ಕಾಣುವಷ್ಟು ಹತ್ತಿರ ಪ್ರೇಕ್ಷಕರು ಕೂರುತ್ತಾರೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಸೆಪ್ಟೆಂಬರಿನಲ್ಲಿ ಬಾಂದ್ರಾದ ಮೌಂಟ್ ಮೇರಿ ಜಾತ್ರೆ, ಡಿಸೆಂಬರಿನಲ್ಲಿ ಪೊಲೀಸರು ಮೊದಲ ಚಾದರ ಅರ್ಪಿಸುವ ಮಾಹಿಮ್ ದರ್ಗಾದ ಉರುಸು. ಗಣೇಶೋತ್ಸವದ ಗದ್ದಲದಲ್ಲಿ ಎಲ್ಲರೂ 1934ರಿಂದ ಕೂರುವ ಲಾಲ್‌ಬಾಗ್‌ಚಾ ರಾಜಾನ ಕಡೆ ನುಗ್ಗುತ್ತಾರೆ, ಸಾಲು ಹಲವು ಗಂಟೆಗಳದ್ದು. ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಗಣಪತಿ ಐದೇ ದಿನ ಇರುತ್ತಾನೆ. ಚಿನ್ನ-ಬೆಳ್ಳಿ ಆಭರಣಕ್ಕೆ ಆತ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತಾನೆ. ಹೋಗಬೇಕಾದದ್ದು ಅಲ್ಲಿನ ಪೂಜೆಯ ಅಚ್ಚುಕಟ್ಟು ಮತ್ತು ಬಾಳೆಲೆ ಪ್ರಸಾದ ಭೋಜನಕ್ಕೆ.

ಓಡಾಟಕ್ಕೆ ಲೋಕಲ್ ರೈಲೇ ಅಗ್ಗ. ಒಂದು ಎಚ್ಚರಿಕೆ ಬೇಕು: ಭಾನುವಾರ ಹಳಿ ದುರಸ್ತಿಗೆಂದು ಸೆಂಟ್ರಲ್ ಮತ್ತು ಹಾರ್ಬರ್ ಮಾರ್ಗಗಳಲ್ಲಿ 'ಮೆಗಾ ಬ್ಲಾಕ್' ಹಾಕುತ್ತಾರೆ, ಹಗಲಿನ ನಾಲ್ಕೈದು ಗಂಟೆ ರೈಲುಗಳು ವಿರಳ. ಮುಂಬೈಯವರು ಶನಿವಾರವೇ ಪತ್ರಿಕೆಯಲ್ಲಿ ಅದನ್ನು ನೋಡಿಕೊಂಡು ನೆಂಟರ ಮನೆಗೆ ಹೋಗುವುದನ್ನು ತೀರ್ಮಾನಿಸುತ್ತಾರೆ. ಆರೇಯಿಂದ ಕಫ್ ಪರೇಡ್‌ವರೆಗಿನ ಸುರಂಗ ಮೆಟ್ರೋ 2025ರ ಅಕ್ಟೋಬರಿನಲ್ಲಿ ಪೂರ್ತಿ ತೆರೆದಮೇಲೆ ವಿಮಾನ ನಿಲ್ದಾಣದಿಂದ ಫೋರ್ಟಿಗೆ ಬರುವುದು ಸುಲಭವಾಗಿದೆ. ಇನ್ನೊಂದು ವೇಳಾಪಟ್ಟಿ ಸಮುದ್ರದ್ದು. ಭರತ ದಿನಕ್ಕೆರಡು ಬಾರಿ, ಪ್ರತಿದಿನ ಮುಕ್ಕಾಲು ಗಂಟೆಗೂ ಹೆಚ್ಚು ತಡವಾಗಿ ಬರುತ್ತದೆ. ಹಾಜಿ ಅಲಿ ದರ್ಗಾಕ್ಕೆ ಹೋಗುವ ಕಾಲುದಾರಿ ಆಗ ನೀರಿನಡಿ ಸೇರುತ್ತದೆ. ಠಾಣೆ ಖಾರಿಯಲ್ಲಿ ನವೆಂಬರಿನಿಂದ ಮೇವರೆಗೆ ಇಳಿಯುವ ಫ್ಲೆಮಿಂಗೊಗಳನ್ನು ನೋಡಲು ಐರೋಲಿಯಿಂದ ಅರಣ್ಯ ಇಲಾಖೆಯ ದೋಣಿಗಳಿವೆ. ಅವೂ ಹೊರಡುವುದು ಭರತ-ಇಳಿತದ ಲೆಕ್ಕದ ಮೇಲೆಯೇ.

ಹೋಗಲು ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರುವರಿ. ಮಳೆಗಾಲ ಕಷ್ಟದ್ದು: ಹಳಿ ಮುಳುಗುತ್ತದೆ, ದೋಣಿ ರದ್ದಾಗುತ್ತದೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ತಾಜಾ ಮೀನೂ ಕಡಿಮೆ. ಶ್ರಾವಣದ ನಾರಳಿ ಪೂರ್ಣಿಮೆಯಂದು ಕೋಳಿಗಳು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಮೀನುಗಾರಿಕೆ ಮತ್ತೆ ಕಳೆಗಟ್ಟುತ್ತದೆ. ಆದರೆ ಮುಂಬೈ ಕನ್ನಡಿಗರ ಸಾಂಸ್ಕೃತಿಕ ವರ್ಷ ತುಂಬಿಕೊಳ್ಳುವುದು ಈ ತಿಂಗಳುಗಳಲ್ಲೇ. ಊರಿನಲ್ಲಿ ತಿರುಗಾಟ ನಿಲ್ಲಿಸಿದ ಯಕ್ಷಗಾನ ಕಲಾವಿದರ ತಂಡಗಳು ಮಳೆಗಾಲದಲ್ಲಿ ಮುಂಬೈಗೆ ಬಂದು ಸಭಾಗೃಹಗಳಲ್ಲಿ ಆಟ ಕಟ್ಟುತ್ತವೆ, ತುಳುವರ ಸಂಘಗಳು ಆಟಿಯ ದಿನ ಆಚರಿಸಿ ಪತ್ರೊಡೆ, ತಿಮರೆ ಚಟ್ನಿ ಬಡಿಸುತ್ತವೆ. ಮಾಟುಂಗಾದ ಮೈಸೂರ್ ಅಸೋಸಿಯೇಷನ್ 1926ರಿಂದ, ಮಾಹಿಮ್‌ನ ಕರ್ನಾಟಕ ಸಂಘ ಕೂಡ ಬಹುಕಾಲದಿಂದ, ನಾಟಕ, ಉಪನ್ಯಾಸಗಳನ್ನು ನಡೆಸುತ್ತ ಬಂದಿವೆ. ಕುರ್ಲಾದ ಬಂಟರ ಭವನದಲ್ಲಿ ವಾರಾಂತ್ಯಕ್ಕೊಂದು ಸಮಾರಂಭ ಇದ್ದೇ ಇರುತ್ತದೆ. ಕಾರ್ಯಕ್ರಮಗಳ ವಿವರ ಮುಂಬೈಯಿಂದಲೇ ಪ್ರಕಟವಾಗುವ ಕನ್ನಡ ದಿನಪತ್ರಿಕೆ 'ಕರ್ನಾಟಕ ಮಲ್ಲ'ದಲ್ಲಿ ಸಿಗುತ್ತದೆ.